ಆಚೆ ದಡದ ನೀರು

"ಇವತ್ತು ದೋಣಿ ಬಿಡಲ್ಲ," ಎಂದು ಅಪ್ಪ ಹಗ್ಗವನ್ನು ಗೂಟಕ್ಕೆ ಇನ್ನೊಂದು ಸುತ್ತು ಸುತ್ತಿದ.

ಶಾಲೆ ಮುಗಿಸಿ ಬ್ಯಾಗ್ ಹೊತ್ತು ನಿಂತಿದ್ದ ಹನ್ನೊಂದು ಮಕ್ಕಳೂ ಮುಖ ಮುಖ ನೋಡಿಕೊಂಡರು. ಅವರ ಮನೆಗಳೆಲ್ಲ ಭದ್ರಾ ಹಿನ್ನೀರಿನ ನಡುವಿನ ಗುಡ್ಡದಲ್ಲಿದ್ದವು. ಮಳೆಗಾಲದಲ್ಲಿ ಗುಡ್ಡದ ಸುತ್ತ ನೀರೇ ನೀರು. ಆಗ ತರೀಕೆರೆಗೆ ಹೋಗಲೂ, ಈಚೆ ದಡದ ಶಾಲೆಗೆ ಬರಲೂ, ಶ್ರುತಿಯ ಅಪ್ಪ ಚಂದ್ರಕುಮಾರ್ ನಡೆಸುವ ಮೋಟಾರ್ ದೋಣಿಯೊಂದೇ ದಾರಿ. ಶ್ರುತಿಯ ಮನೆ ಮಾತ್ರ ಈಚೆ ದಡದಲ್ಲೇ ಇತ್ತು.

"ಬೆಳಿಗ್ಗೆ ಕರ್ಕೊಂಡ್ ಬಂದ್ರಲ್ಲ ಅಂಕಲ್! ನನ್ ಹೋಮ್‌ವರ್ಕ್ ಬುಕ್ ಮನೇಲೈತೆ," ಎಂದ ಮೋಹನ್.

"ನಿನ್ ಹೋಮ್‌ವರ್ಕ್ ಬುಕ್ ಯಾವತ್ತು ಸ್ಕೂಲಿಗೆ ಬಂದೈತೆ ಹೇಳು?" ಎಂದಳು ಒಬ್ಬಳು. ಯಾರೂ ನಗಲಿಲ್ಲ.

"ಬೆಳಿಗ್ಗೆ ಗಾಳಿ ಇರ್ಲಿಲ್ಲ ಕಣೋ," ಎಂದ ಅಪ್ಪ.

ಹಿಂದೆ ಗೊಬ್ಬರದ ಮೂಟೆಯೊಂದು ಧೊಪ್ಪನೆ ನೆಲಕ್ಕೆ ಬಿತ್ತು. ಶ್ರುತಿಯ ಗೆಳತಿ ತನುಜಾಳ ಅಪ್ಪ ಓಂಕಾರೇಶ್ ತರೀಕೆರೆಯಿಂದ ಬಂದಿದ್ದರು.

"ಇವತ್ತೂ ಗಾಳಿ ನೆಪವಾ? ಅವತ್ತೂ ಹಿಂಗೇ ಅಂದೆ. ನಮ್ಮವ್ವ ಹೋಯ್ತು. ಹೆದರುಪುಕ್ಲ ಕಣಯ್ಯಾ ನೀನು. ದೋಣಿ ಬಿಟ್ಟು ಕುರಿ ಕಾಯೋಕ್ ಹೋಗು!"

ಅಪ್ಪ ಬಗ್ಗಿ ಹಗ್ಗದ ಗಂಟನ್ನು ಬಿಗಿ ಮಾಡಿದ. ಶ್ರುತಿಯ ಕಿವಿ ಬಿಸಿಯಾಯಿತು.

ಹದಿನೈದು ದಿನದ ಹಿಂದೆ ಓಂಕಾರೇಶರ ತಾಯಿ ಕಾಶಮ್ಮಜ್ಜಿಗೆ ಎದೆನೋವು ಬಂದಿತ್ತು. ಫೋನ್ ಮಾಡಿದರು. ಆಂಬುಲೆನ್ಸ್ ಈ ದಡಕ್ಕೆ ಬಂದು ನಿಂತಿತು. ಆದರೆ ಗಾಳಿಯಿತ್ತು, ಅಪ್ಪ ದೋಣಿ ಬಿಡಲಿಲ್ಲ. ಗಾಳಿ ನಿಲ್ಲುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಆಂಬುಲೆನ್ಸ್ ಬಂದ ಹಾಗೇ ಖಾಲಿ ಹೋಯಿತು.

ಅಂದಿನಿಂದ ತನುಜಾ ಕ್ಲಾಸಿನಲ್ಲಿ ಬೇರೆ ಬೆಂಚಿಗೆ ಹೋಗಿದ್ದಳು. "ನಿಮ್ಮಪ್ಪಂಗೆ ನೀರಂದ್ರೆ ಭಯವಂತೆ," ಎಂದು ಹುಡುಗರು ಕೆಣಕುತ್ತಿದ್ದರು. ಗುಡ್ಡದವರು ಬೇರೆ ದಾರಿಯಿಲ್ಲದೆ ಅದೇ ದೋಣಿ ಹತ್ತುತ್ತಿದ್ದರು. ಅಪ್ಪನ ಕಡೆ ಮಾತ್ರ ಯಾರೂ ತಿರುಗುತ್ತಿರಲಿಲ್ಲ.

ಶ್ರುತಿ ಅಪ್ಪನ ಹತ್ತಿರ ಸರಿದು ಮೆಲ್ಲಗೆ ಹೇಳಿದಳು. "ಅಪ್ಪಾ, ಇವತ್ತಾದ್ರೂ ಹೋಗು. ಎಲ್ರೂ ನೋಡ್ತಾವ್ರೆ."

ಅಪ್ಪ ಸಿಟ್ಟಾಗಲಿಲ್ಲ. "ನೋಡೋರ್ನ ನೋಡ್ಬೇಡ ಮಗಾ. ನೀರು ನೋಡು," ಎಂದ.

ಶ್ರುತಿ ನೋಡಿದಳು. ಕೆಂಪು ನೀರು ಅವಳೆತ್ತರಕ್ಕೆ ಎದ್ದೆದ್ದು ದಡಕ್ಕೆ ಅಪ್ಪಳಿಸುತ್ತಿತ್ತು. ಎಲ್ಲಿಂದಲೋ ತೇಲಿಬಂದ ದೊಡ್ಡ ಮರವೊಂದು ಒಮ್ಮೆ ಕಂಡಿತು, ಮುಳುಗಿತು, ಇನ್ನೆಲ್ಲೋ ತಲೆ ಎತ್ತಿತು. ಕಟ್ಟಿದ ದೋಣಿಯೇ ಕಲ್ಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಇನ್ನು ನಡುನೀರಿನಲ್ಲಿ?

ಯಾರೋ ಪಕ್ಕಕ್ಕೆ ಬಂದು ನಿಂತರು. ತನುಜಾ! ಅವಳೂ ನೀರನ್ನೇ ನೋಡುತ್ತಿದ್ದಳು.

"ಅವತ್ತೂ ಹಿಂಗೇ ಇತ್ತಾ?" ಹದಿನೈದು ದಿನದಲ್ಲಿ ಅವಳಾಡಿದ ಮೊದಲ ಮಾತು.

"ಇದಕ್ಕಿಂತ ಜೋರಿತ್ತು ಕಣೇ."

"ನಮ್ ಕಡೆ ಏನೂ ಇರ್ಲಿಲ್ಲ. ನೀರು ಸುಮ್ನೆ ಮಲಗಿತ್ತು."

ಗಾಳಿ ಗುಡ್ಡದ ಬೆನ್ನ ಕಡೆಯಿಂದ ಬೀಸುತ್ತದೆ. ಆ ಕಡೆ ದೋಣಿ ನಿಲ್ಲುವ ಜಾಗಕ್ಕೆ ಗುಡ್ಡವೇ ಮರೆ. ಅಲೆಯೆಲ್ಲ ನಡುನೀರಿನಲ್ಲಿ ಎದ್ದು ಈ ದಡಕ್ಕೆ ಬರುತ್ತದೆ. ಗಾಳಿಯ ದಿನ ದೋಣಿಯಿಲ್ಲ, ಹಾಗಾಗಿ ಗುಡ್ಡದ ಮಕ್ಕಳಿಗೆ ಶಾಲೆಯೂ ಇಲ್ಲ. ಇಂಥ ನೀರನ್ನು ತನುಜಾ ಈ ದಡದಲ್ಲಿ ನಿಂತು ನೋಡೇ ಇರಲಿಲ್ಲ.

"ಅಜ್ಜಿ ತಲೆ ನನ್ ತೊಡೆ ಮೇಲಿತ್ತು," ಎಂದಳು ತನುಜಾ. "ದೋಣಿ ಬಂತೇನೇ, ದೋಣಿ ಬಂತೇನೇ ಅಂತ ಕೇಳ್ತಾನೇ ಇತ್ತು. ಬತ್ತೈತೆ ಅಜ್ಜಿ, ಬತ್ತೈತೆ ಅಂದೆ."

ಇಬ್ಬರೂ ಹಾಗೇ ನಿಂತರು.

ಆರು ಗಂಟೆಯ ಮೇಲೆ ಗಾಳಿ ತಗ್ಗಿತು. ಅಪ್ಪ ಎರಡು ಟ್ರಿಪ್ಪಿನಲ್ಲಿ ಎಲ್ಲರನ್ನೂ ದಾಟಿಸಿದ. ಓಂಕಾರೇಶ್ ಅಪ್ಪನಿಗೆ ಬೆನ್ನು ಮಾಡಿ ಕೂತಿದ್ದರು. ತನುಜಾ ಶ್ರುತಿಗೆ ಕೈ ಬೀಸಲಿಲ್ಲ.

ವಾಪಸು ಬಂದ ಮೇಲೂ ಅಪ್ಪ ದೋಣಿಯಿಂದ ಇಳಿಯಲಿಲ್ಲ. ಒದ್ದೆ ಬಟ್ಟೆಯಲ್ಲೇ ಕೂತಿದ್ದ. ಶ್ರುತಿ ಹೋಗಿ ಎದುರಿಗೆ ಕೂತಳು.

"ಅಪ್ಪಾ, ಅವತ್ತು ನಿಂಗೆ ಗೊತ್ತಿತ್ತಾ?"

"ಏನು?"

"ದೋಣಿ ಹೋಗ್ದಿದ್ರೆ ಅಜ್ಜಿ ಉಳಿಯಲ್ಲ ಅಂತ."

ಅಪ್ಪ ಆಚೆ ದಡದ ಕಡೆ ತಿರುಗಿದ.

"ಗೊತ್ತಿತ್ತು ಮಗಾ. ಅಜ್ಜಿ ಒಂದೇ ಬತ್ತಿರ್ಲಿಲ್ವಲ್ಲ. ತನುಜನ ಅಪ್ಪ, ಅಮ್ಮ, ಆ ಹುಡುಗಿ... ಎಲ್ರೂ ದೋಣಿ ಹತ್ತೋರು."

ಇದನ್ನು ಅಪ್ಪ ಓಂಕಾರೇಶರಿಗೆ ಯಾಕೆ ಹೇಳಲಿಲ್ಲ? ಕೇಳಬೇಕೆಂದು ಶ್ರುತಿಯ ಬಾಯಿಗೆ ಬಂತು. ತನುಜಾಳ ತೊಡೆಯ ಮೇಲಿದ್ದ ಅಜ್ಜಿಯ ತಲೆ ನೆನಪಾಯಿತು. ನಿಮ್ಮನ್ನು ಉಳಿಸಲು ಅಜ್ಜಿಯನ್ನು ಬಿಟ್ಟೆ ಎಂದು ಅವರಿಗೆ ಹೇಳುವುದು ಹೇಗೆ? ಕೇಳಲಿಲ್ಲ.

ದೋಣಿಯೊಳಗೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಅವಳು ಬಗ್ಗಿ ಡಬ್ಬ ತೆಗೆದುಕೊಂಡು, ಮೊಗೆಮೊಗೆದು ಹೊರಗೆ ಚೆಲ್ಲತೊಡಗಿದಳು.