ರೇಂಜಿನ ಕಲ್ಲಿನವರೆಗೆ

2024ರ ಜುಲೈ 23, ಮಂಗಳವಾರ, ಬೆಳಿಗ್ಗೆ 6 ಗಂಟೆ 10 ನಿಮಿಷ. ಬೆಳಗಾವಿಯ ಶಹಾಪುರದ ಓಣಿಯಲ್ಲಿ ಮಗ್ಗಗಳು ಇನ್ನೂ ಸದ್ದು ಶುರುಮಾಡಿರಲಿಲ್ಲ. ತಹಮೀನಾ ಜೀಪಿನ ಹಿಂಬದಿಗೆ ಸಾಮಾನು ಏರಿಸಿ ಪಟ್ಟಿಯೊಡನೆ ತಾಳೆ ನೋಡಿದಳು. ಐವತ್ತು ಕಿಲೋವರೆಗೆ ತೂಗಬಲ್ಲ ಕೊಕ್ಕೆ ತಕ್ಕಡಿ, ಎರಡು ಖಾಲಿ ಗೋಣಿಚೀಲ, ಮೂವತ್ತು ಮೀಟರ್ ಹಗ್ಗ, ದಾರಿ ಅಳೆಯುವ ಜಿಪಿಎಸ್, ಎರಡು ಸ್ಟಾಪ್‌ವಾಚು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು.

ಅವಳು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ವಿದ್ಯಾರ್ಥಿನಿ. ಸಂಶೋಧನೆಯ ಭಾಗವಾಗಿ ಆರು ತಿಂಗಳು ಒಂದು ಕಚೇರಿಯಲ್ಲಿ ಕೆಲಸ ಮಾಡಬೇಕಿತ್ತು. ಹೆರಿಗೆಯಲ್ಲಿ ತೀರಿಕೊಂಡ ತಾಯಂದಿರ ಪ್ರಕರಣಗಳನ್ನು ಪರಿಶೀಲಿಸುವ ಕಚೇರಿ ಅವಳ ಪಾಲಿಗೆ ಬಂದಿತ್ತು. ಅಲ್ಲಿಯ ನಮೂನೆ ಕೇಳುವ ಪ್ರಶ್ನೆ ಒಂದೇ: ತಡ ಎಲ್ಲಾಯಿತು? ಮನೆಯಲ್ಲೋ, ದಾರಿಯಲ್ಲೋ, ಆಸ್ಪತ್ರೆಯಲ್ಲೋ?

ಖಾನಾಪುರ ಕಾಡಿನಲ್ಲಿ ಎಮ್ಮೆ ಸಾಕುವವರ ಕೇರಿ ಹಸರಂಬಿ ಗೌಳಿವಾಡ. ಅಲ್ಲಿಯ ಮೇಘಾಳಿಗೆ ಇಪ್ಪತ್ಮೂರು ವರ್ಷ. ಜುಲೈ 4ರ ಬೆಳಿಗ್ಗೆ ಆರೂವರೆಗೆ, ತಿಂಗಳು ತುಂಬುವ ಮೊದಲೇ, ಮನೆಯಲ್ಲಿ ಹೆರಿಗೆಯಾಯಿತು. ಕೂಸು ಉಳಿಯಿತು. ತಾಯಿಯ ರಕ್ತ ನಿಲ್ಲಲಿಲ್ಲ. ಆಂಬುಲೆನ್ಸಿಗೆ ಕರೆ ದಾಖಲಾದದ್ದು 9 ಗಂಟೆ 14 ನಿಮಿಷಕ್ಕೆ. ಖಾನಾಪುರ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಜೀವ ಹೋಯಿತು. ತಹಮೀನಾ ಮೇಜಿನ ಮುಂದೆ ಕೂತು ಕಳೆಯುವ ಲೆಕ್ಕ ಮಾಡಿದ್ದಳು: ನೂರಾ ಅರವತ್ನಾಲ್ಕು ನಿಮಿಷ. ನಂತರ ಒಂದು ಸಾಲು ಬರೆದಿದ್ದಳು: 'ಮನೆಯವರು ನಿರ್ಧರಿಸಲು ತಡಮಾಡಿದರು.'

ಆ ಸಾಲನ್ನು ಮನೆಯವರಿಗೆ ಓದಿ ಹೇಳಿ ಸಹಿ ಪಡೆದು ಬಂದವನು ಖಾನಾಪುರದ ಆರೋಗ್ಯ ನಿರೀಕ್ಷಕ ಕಲ್ಮೇಶ. ಅಂದು ಸಂಜೆಯೇ ಫೋನು ಮಾಡಿದ್ದ.

"ಮೇಡಮ್ಮಾರ, ಸಹಿ ಆತ್ರಿ. ಆದ್ರ ಆ ವಾಡ್ಯಾಗ ಫೋನಿಗೆ ರೇಂಜ್ ಇಲ್ರಿ. ಗುಡ್ಡದ ಮ್ಯಾಲ ಒಂದು ಕಲ್ಲೈತಿ, ಅಲ್ಲಿ ಹತ್ತಿದ್ರಷ್ಟ ಸಿಗ್ತದ. ರೇಂಜಿನ ಕಲ್ಲು ಅಂತಾರ. ನೀವು ಬರದಿದ್ದ ಒಂಬತ್ತೂ ಹದಿನಾಲ್ಕು ಅವ್ರು ಹೊರಟ ಟೈಮ್ ಅಲ್ರಿ. ಹೊತಗೊಂಡು ಆ ಕಲ್ಲು ಮುಟ್ಟಿದ ಟೈಮು."

ತಹಮೀನಾ ನಮೂನೆಯ ಪ್ರತಿ ತೆಗೆದು ತನ್ನ ಸಾಲನ್ನು ಮತ್ತೆ ಓದಿದಳು.

"ಇನ್ನೊಂದ್ರಿ. ಕಾಗದ ಓದಿದಾಗಿಂದ ಮೇಘಾನ ಗಂಡ ಕರೆಪ್ಪ ಅವ್ವನ ಕೂಡ ಮಾತು ಬಿಟ್ಟಾನ. ಹೊರಡೂ ಮುಂದ ಅಕಿ ರಕ್ತ ನಿಲ್ಲಲಿ ಅಂತ ಸೊಸಿ ಹೊಟ್ಟಿಗೆ ಸೀರಿ ಬಿಗದು ಕಟ್ಟಿದ್ಲಂತ. ಅದಕ್ಕs ತಡಾ ಆತು, ಅದಕ್ಕs ಸತ್ತಳು ಅಂತಾನ."

ಶುಕ್ರವಾರ ಸಮಿತಿ ಕೂತು ನಮೂನೆಯನ್ನು ಅಖೈರು ಮಾಡಲಿತ್ತು. ತಹಮೀನಾಳ ಮಾರ್ಗದರ್ಶಕಿ ಡಾಕ್ಟರ್ ಶೀತಲ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಮೊದಲೂ ಊಹಾ ಮಾಡಿದಿ. ಈಗರೆ ಅಳದ್ಕೊಂಡು ಬಾ."

ಮಚ್ಛೆಯ ಕಾರ್ಖಾನೆಗಳ ಮುಂದೆ ಪಾಳಿ ಬದಲಾಗುವ ಗದ್ದಲ. ದೇಸೂರ ದಾಟಿದ ಮೇಲೆ ಗದ್ದೆಗಳಲ್ಲಿ ನೀರು. ಖಾನಾಪುರದಲ್ಲಿ ಕಲ್ಮೇಶ ಹತ್ತಿಕೊಂಡ. ಡಾಂಬರು ಮುಗಿದು, ಕೆಂಪು ಮಣ್ಣಿನ ದಾರಿಯೂ ಮುಗಿದು, ಜೀಪು ಒಂದು ಮತ್ತಿಮರದ ಕೆಳಗೆ ನಿಂತಿತು. ಅಲ್ಲಿಂದ ಕಾಲುದಾರಿ. ಏರಿನ ತುದಿಯಲ್ಲಿ ರೇಂಜಿನ ಕಲ್ಲು. ಅದರಾಚೆಗೆ ಕಾಡು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿತ್ತು. ಮೋಡ ಮರಗಳ ನೆತ್ತಿಯ ಮೇಲೆಯೇ ಕೂತಿತ್ತು. ಎಲೆಯ ಮೇಲೆ ಬಿದ್ದ ಮಳೆ ಇನ್ನೊಂದು ಎಲೆಗೆ ಜಾರಿ, ಅಲ್ಲಿಂದ ತೊಗಟೆಗೆ ಇಳಿದು, ಕೊನೆಗೆ ನೆಲಕ್ಕೆ ಬೀಳುವ ಹೊತ್ತಿಗೆ ಸದ್ದೇ ಇರುತ್ತಿರಲಿಲ್ಲ. ಜಿಗಣೆಗಳು ಮಾತ್ರ ಚುರುಕಾಗಿದ್ದವು.

"ಸಂಬಳ ಕಡಿಮಿ ಅಂತ ನಾ ಕೂಗಾಡ್ತೇನಿ. ಇವು ನೋಡ್ರಿ, ನನ್ನ ರಕ್ತದ ಮ್ಯಾಲs ಸಂಸಾರ ನಡಸ್ತಾವ," ಎಂದು ಕಲ್ಮೇಶ ಮೀನಖಂಡಕ್ಕೆ ಸುಣ್ಣ ಒತ್ತಿಕೊಂಡ. ತಹಮೀನಾಳಿಗೆ ನಗು ಬರಲಿಲ್ಲ. ದಾರಿಯ ಪ್ರತಿ ತಿರುವನ್ನೂ ಅವಳು ಎಣಿಸುತ್ತಿದ್ದಳು. ಹಳ್ಳವನ್ನು ಹಗ್ಗ ಕಟ್ಟಿಕೊಂಡು ದಾಟಿದರು. ನೀರು ಸೊಂಟದ ಮಟ್ಟ ಇತ್ತು.

ಹಸರಂಬಿಯಲ್ಲಿ ಏಳು ಮನೆ. ಮೂರನೆಯದರ ಹೊಸ್ತಿಲಲ್ಲಿ ಮುದುಕಿ ಕಾಶವ್ವ ಹತ್ತೊಂಬತ್ತು ದಿನದ ಕೂಸಿಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು. ಅಂಗಳದ ಆ ತುದಿಯಲ್ಲಿ ಮಗ ಕರೆಪ್ಪ ಎಮ್ಮೆಯ ಹಗ್ಗ ಹೊಸೆಯುತ್ತಿದ್ದ. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆ ದೂರ.

"ಕುಂದರ್ರಿ," ಎಂದಳು ಕಾಶವ್ವ.

ತಹಮೀನಾ ಕೂರಲಿಲ್ಲ. "ಮನ್ಯಾಗ ತಡಾ ಆತು ಅಂತ ಬರದಾಕಿ ನಾನs. ಇಲ್ಲಿಗೆ ಬರಲಾರದ ಬರದೆ. ತಪ್ಪಾತು."

ಕರೆಪ್ಪ ತಲೆ ಎತ್ತಿದ. "ತಪ್ಪೇನಿಲ್ರಿ. ಖರೇ ಬರದಿರಿ. ಕುಂತು ಕಟ್ಟಿದ್ರು. ನಾ ಕಣ್ಣಾರೆ ನೋಡೇನಿ."

ಕಾಶವ್ವನ ಕೈಯ ಚಮಚ ಒಂದು ಕ್ಷಣ ನಿಂತಿತು.

"ಅದನ್ನ ಅಳ್ಯಾಕs ಬಂದೇನಿ. ಅಷ್ಟs ಭಾರ, ಅದs ಹಾದಿ, ಅದs ಕಲ್ಲಿನ ತನಕ. ಎಷ್ಟು ಹೊತ್ತು ಬರ್ತದೋ ಅಷ್ಟs ಬರೀತೇನಿ. ನಿಮಗ ಒಪ್ಪಲಿ, ಬಿಡಲಿ. ನಂಗ ಒಪ್ಪಲಿ, ಬಿಡಲಿ," ಎಂದಳು ತಹಮೀನಾ.

ಕರೆಪ್ಪ ಹಗ್ಗ ಕೆಳಗಿಟ್ಟ. "ಭಾರ ಎಷ್ಟ್ರಿ?"

ತಪಾಸಣೆಯ ಕಾರ್ಡಿನಲ್ಲಿ ಮೇಘಾಳ ಕೊನೆಯ ತೂಕ ಐವತ್ನಾಲ್ಕು ಕಿಲೋ. ಕೂಸು, ಮಾಸು, ನೀರು ಎಲ್ಲ ಕಳೆದರೆ ನಲವತ್ತೊಂಬತ್ತು. ಅದನ್ನು ಗಂಡನ ಎದುರು ಹೇಳುವುದು ತಹಮೀನಾಳಿಗೆ ಕಷ್ಟವಾಯಿತು. ಹೇಳಿದಳು. ಕರೆಪ್ಪ ತಾನೇ ಹೋಗಿ ಗದ್ದೆಯ ಬದಿಯಿಂದ ಮರಳು ತುಂಬಿ ತಂದ. ತಕ್ಕಡಿಯ ಮುಳ್ಳು ನಲವತ್ತೊಂಬತ್ತರ ಮೇಲೆ ನಿಂತಾಗ ಬೊಗಸೆಯಲ್ಲಿದ್ದ ಮರಳನ್ನು ಮೆಲ್ಲಗೆ ನೆಲಕ್ಕೆ ಬಿಟ್ಟ.

ಅಂದು ಜೋಲಿ ಹೊತ್ತವರು ಮೂವರು: ಕರೆಪ್ಪ, ಪಕ್ಕದ ಮನೆಯ ಬಾಳೇಶ, ಇನ್ನೊಬ್ಬ ಅಮರ. ಅಮರ ಈಗ ಮಚ್ಛೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಜಾಗಕ್ಕೆ ಕಲ್ಮೇಶ ನಿಂತ. ಬೊಂಬಿಗೆ ಕಂಬಳಿ ಕಟ್ಟಿ, ಕಂಬಳಿಯಲ್ಲಿ ಚೀಲ ಮಲಗಿಸಿದರು.

11 ಗಂಟೆ 52 ನಿಮಿಷ. "ಹೊರಡ್ರಿ," ಎಂದು ತಹಮೀನಾ ಎರಡೂ ಗುಂಡಿ ಒತ್ತಿದಳು.

ಮೊದಲ ಕಿಲೋಮೀಟರ್ ಸಮನೆಲ. ಇಬ್ಬರು ಹೊರುವುದು, ಒಬ್ಬ ಮುಂದೆ ಕೊಂಬೆ ಸರಿಸುವುದು. ಹೆಗಲು ಬದಲಿಸುವಾಗ ಬೊಂಬು ಕಿರ್ರೆಂದಿತು. ಬಾಳೇಶ "ಸಾವಕಾಶ, ಸಾವಕಾಶ" ಎಂದ, ಚೀಲಕ್ಕೆ ನೋವಾದೀತು ಎಂಬಂತೆ.

ಹಳ್ಳಕ್ಕೆ ಬಂದರು. ಬೆಳಿಗ್ಗೆ ಸೊಂಟಕ್ಕಿದ್ದ ನೀರು ಈಗ ಎದೆಗೆ ಬಂದಿತ್ತು. "ಆವತ್ತೂ ಇಷ್ಟs ಇತ್ರಿ," ಎಂದ ಬಾಳೇಶ.

ತಹಮೀನಾ ಹಗ್ಗದ ತುದಿಯನ್ನು ಮರಕ್ಕೆ ಸುತ್ತಿ ಬಿಗಿದಳು. ಬಾಳೇಶ ಈಜಿ ಆಚೆ ದಡಕ್ಕೆ ಕಟ್ಟಿ ಬಂದ. ಬೊಂಬು ತಲೆಯ ಮೇಲೆ. ಮುಂದೆ ಬಾಳೇಶ, ಹಿಂದೆ ಕರೆಪ್ಪ, ಪಕ್ಕದಲ್ಲಿ ಕಲ್ಮೇಶ.

ನಡುನೀರು. ಬಾಳೇಶನ ಕಾಲು ಜಾರಿತು.

ಬೊಂಬು ವಾಲಿತು. ಕಂಬಳಿ ನೀರಿಗೆ ಬಿತ್ತು. ಸೆಳೆತ ಅದನ್ನು ಹಿಡಿದು ಎಳೆಯಿತು.

"ಬಿಡ್ರಿ! ಕರೆಪ್ಪಾ, ಬಿಡ್ರಿ! ಮರಳ ಅದು!" ಕಲ್ಮೇಶ ಕೂಗಿದ.

ಕರೆಪ್ಪ ಬಿಡಲಿಲ್ಲ. ಬೊಂಬು ಬಿಟ್ಟು ಚೀಲವನ್ನೇ ತಬ್ಬಿದ. ತಲೆ ಮುಳುಗಿತು. ಎದ್ದಿತು. ಮತ್ತೆ ಮುಳುಗಿತು. ಕಲ್ಮೇಶ ಅವನ ಅಂಗಿಯ ಕೊರಳು ಹಿಡಿದ. ಅಂಗಿ ಹರಿಯಿತು. ತೋಳು ಸಿಕ್ಕಿತು. ತಹಮೀನಾ ಎದೆಮಟ್ಟ ಇಳಿದು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕಲ್ಮೇಶನ ಬೆಲ್ಟು ಹಿಡಿದು ಆಚೆ ದಡದತ್ತ ಎಳೆದಳು. ನಾಲ್ವರೂ ಆಚೆ ದಡದ ಕೆಸರಿಗೆ ಬಿದ್ದರು. ಬೊಂಬು ಬೇರಿನ ಗಂಟಿಗೆ ಸಿಕ್ಕಿ ಉಳಿದಿತ್ತು.

ಕರೆಪ್ಪ ಕೆಮ್ಮುತ್ತ ಮೊದಲು ಚೀಲದ ಬಾಯಿ ಮುಟ್ಟಿ ನೋಡಿದ. ಕಟ್ಟು ಸಡಿಲಾಗಿರಲಿಲ್ಲ.

"ಎರಡ ನಿಮಿಷ ಕುಂದರೂಣ್ರಿ," ಎಂದ ಕಲ್ಮೇಶ ಏದುಸಿರಿನಲ್ಲಿ.

"ಆವತ್ತು ಕುಂತಿಲ್ಲ," ಎಂದ ಕರೆಪ್ಪ. "ಎತ್ರಿ."

ಆಮೇಲೆ ಏರು. ಅಲ್ಲಿ ಅವನು ಓಡತೊಡಗಿದ. ಬೊಂಬಿನ ಮುಂದಿನ ತುದಿ ಅವನದು. ಹಿಂದಿನವರು ಓಡಲೇಬೇಕಾಯಿತು. ಕಲ್ಲು ಉರುಳಿದವು, ಮುಳ್ಳು ಗೀರಿದವು. ಹೆಗಲು ಬದಲಿಸಿಕೊಳ್ಳುವ ಸರದಿ ಬಂದರೂ ಅವನು ಬಿಟ್ಟುಕೊಡಲಿಲ್ಲ.

ತಹಮೀನಾಳಿಗೆ ಅರ್ಥವಾಯಿತು. ಅಂದು ಕಂಬಳಿಯಲ್ಲಿ ಜೀವವಿತ್ತು, ಅಲುಗಿಸದೆ ನಡೆದಿದ್ದರು. ಇಂದು ಅವನು ಬೇಗ ಮುಟ್ಟಲು ನೋಡುತ್ತಿದ್ದ. ಬೇಗ ಮುಟ್ಟಿದಷ್ಟೂ ಹಾದಿಯ ಸಮಯ ಕಡಿಮೆ ಬರುತ್ತದೆ. ಹಾದಿಯದು ಕಡಿಮೆಯಾದಷ್ಟೂ ಮನೆಯ ತಡ ದೊಡ್ಡದಾಗುತ್ತದೆ. ತನ್ನ ಅವ್ವನ ವಿರುದ್ಧ ಅವನೇ ಓಡುತ್ತಿದ್ದ.

"ಕರೆಪ್ಪ, ಆವತ್ತು ಹಿಂಗ ಓಡಿದ್ದಿರೇನ್ರಿ?"

ಅವನು ತಿರುಗಲಿಲ್ಲ. "ಓಡಬೇಕಾಗಿತ್ರಿ."

ಅವಳು ಮತ್ತೆ ತಡೆಯಲಿಲ್ಲ. ಟಿಪ್ಪಣಿ ಪುಸ್ತಕ ನೆನೆದಿತ್ತು. 'ಏರಿನಲ್ಲಿ ಓಟ' ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಳು.

ರೇಂಜಿನ ಕಲ್ಲು ಮುಟ್ಟಿದಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಎಲ್ಲರ ಫೋನುಗಳೂ ಒಮ್ಮೆಗೇ ಗುಂಯ್‌ಗುಟ್ಟಿದವು. ತಹಮೀನಾ ಗುಂಡಿ ಒತ್ತಿದಳು. ಕರೆಪ್ಪ ತನ್ನ ಫೋನು ಹೊರತೆಗೆದ. ಯಾರಿಗೆ ಹಚ್ಚಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ.

ನೂರಾ ಅರವತ್ನಾಲ್ಕರಲ್ಲಿ ಹಾದಿಯದನ್ನು ಕಳೆದರೆ ಮೂವತ್ತೆಂಟು ಉಳಿಯಿತು. ತಹಮೀನಾ ಕಲ್ಲಿನ ಬುಡದಲ್ಲಿ ಕೂತು ಒಂದೊಂದನ್ನೇ ಕೇಳಿದಳು.

"ಬೊಂಬು ಮೊದಲs ಮನ್ಯಾಗ ಇತ್ತೇನ್ರಿ?"

"ಇಲ್ರಿ. ಗದ್ದಿ ಆಚಿಗೆ ಹೋಗಿ ಕಡಕೊಂಡು ಬಂದ್ವಿ. ನಾನು, ಬಾಳೇಶ."

"ಎಷ್ಟೊತ್ತಾತು?"

"ಅರ್ಧಾ ತಾಸು," ಎಂದ ಬಾಳೇಶ. "ಮಳಿ ಭಾಳ ಇತ್ತು. ಕುಡಗೋಲು ಜಾರತಿತ್ತು."

"ಹೊಟ್ಟಿಗೆ ಕಟ್ಟಿದ್ದು ಯಾವಾಗ? ನೀವು ಹೋಗೂ ಮೊದಲೋ, ಬಂದ ಮ್ಯಾಲೋ?"

ಕರೆಪ್ಪ ಫೋನನ್ನು ಜೇಬಿಗಿಟ್ಟ. "ಹೊಂಟಾಗ ಕಟ್ಟಾಕ ಕುಂತಿದ್ಲು."

"ತಿರುಗಿ ಬಂದಾಗ?"

ಬಾಳೇಶನೇ ಹೇಳಿದ: "ಕಟ್ಟಿ ಮುಗಿಸಿದ್ಲಲ್ಲೋ, ಕರ್ಯಾ. ಕಂಬಳಿ ಹಾಸಿ, ಬಾಗಲದಾಗ ನಿಂತು ನಮ್ಮ ಹಾದಿ ನೋಡಾಕತ್ತಿದ್ಲು. ಬಾಯಿ ಮಾಡಿದ್ಲು, ಬೊಂಬಿಗೆ ಇಷ್ಟೊತ್ತೇನೋ ಅಂತ."

ಕರೆಪ್ಪ ಕಲ್ಲಿಗೆ ಹಣೆ ಹಚ್ಚಿ ನಿಂತ. ಮಳೆ ಬೆನ್ನ ಮೇಲೆ ಸುರಿಯಿತು. ಯಾರೂ ಅವನನ್ನು ಮುಟ್ಟಲಿಲ್ಲ. ಆಮೇಲೆ ಅವನು ಕಂಬಳಿ ಬಿಚ್ಚಿ, ಚೀಲದ ಮರಳನ್ನು ಒಂದು ಮರದ ಬುಡಕ್ಕೆ ಬೊಗಸೆ ಬೊಗಸೆಯಾಗಿ ಸುರಿದ. ಒಮ್ಮೆಲೆ ಬೋರಲು ಹಾಕಲಿಲ್ಲ. ಮುಗಿದ ಮೇಲೆ ಬೊಂಬು ಹೆಗಲಿಗಿಟ್ಟು ವಾಡದ ಕಡೆಗೆ ಇಳಿದ. ಬಾಳೇಶ ಕಂಬಳಿ ಹಿಡಿದು ಹಿಂದೆ ಹೋದ.

ಗುರುವಾರ ಕಲ್ಮೇಶ ತಿದ್ದಿದ ಕಾಗದ ಒಯ್ದು ಓದಿದ. ಮೂವತ್ತೆಂಟು ನಿಮಿಷದಲ್ಲಿ ಬೊಂಬಿಗೆ ಎಷ್ಟು, ಅಮರನನ್ನು ಕರೆಯಲು ಎಷ್ಟು ಎಂದೆಲ್ಲ ಅದರಲ್ಲಿತ್ತು. ರೇಂಜಿನ ಕಲ್ಲಿಗೆ ತಿರುಗಿ ಬಂದು ತಹಮೀನಾಳಿಗೆ ಫೋನು ಹಚ್ಚಿದ.

"ಕರೆಪ್ಪ ಅವ್ವನ ಬಾಜುಕ ಕುಂತು ಕೇಳಿದ್ರಿ. ಕೂಸು ಅವನ ತೊಡಿ ಮ್ಯಾಲಿತ್ತು. ಮುದುಕಿ ಎರಡs ಮಾತು ಆಡಿದ್ಲು."

"ಏನಂತ?"

"ಮೊನ್ನಿ ಏರಿನಾಗ ನನ್ನ ಮಗಾ ಓಡಿದ್ನಂತ ಬರದಾರೇನು ಅಂದ್ಲು. ಬರದಾರ ಅಂದೆ. ಬರೀಲಿ ಅಂದ್ಲು."

ಶುಕ್ರವಾರದ ಸಭೆಯಲ್ಲಿ ಒಬ್ಬ ಸದಸ್ಯರು ಕನ್ನಡಕ ತೆಗೆದು ಕೇಳಿದರು: "ಮರಳಿನ ಚೀಲ ಹೊತ್ತು ಅಳೆದದ್ದು ಸರಿ ಆಗ್ತದೇನಮ್ಮ?"

"ಪೂರ್ತಿ ಸರಿ ಆಗೂದಿಲ್ರಿ, ಸರ್," ಎಂದಳು ತಹಮೀನಾ. "ಮರಳು ನರಳೂದಿಲ್ಲ. ಅದರ ಬಾಯಿಗೆ ನೀರು ಬಿಡಾಕ ನಾವು ಎಲ್ಲೂ ನಿಲ್ಲಲಿಲ್ಲ. ಆವತ್ತು ಇದಕ್ಕಿಂತ ಹೆಚ್ಚs ಹಿಡದಿರಬೇಕು. ಕಡಿಮಿ ಅಂತೂ ಅಲ್ಲ."

ಸದಸ್ಯರು ಕನ್ನಡಕ ಹಾಕಿಕೊಂಡರು. 'ಮನೆಯಲ್ಲಿ ತಡ' ಎಂಬ ಗುರುತು ಅಳಿಸಿ 'ದಾರಿಯಲ್ಲಿ ತಡ' ಎಂದಾಯಿತು. ಹಳ್ಳಕ್ಕೆ ಕಾಲುಸೇತುವೆ ಬೇಕೆಂಬ ಶಿಫಾರಸು ಸೇರಿತು. ಅದು ಯಾವಾಗ ಆದೀತೆಂದು ಯಾರೂ ಹೇಳಲಿಲ್ಲ. ಡಾಕ್ಟರ್ ಶೀತಲ ನಮೂನೆಯನ್ನು ತಹಮೀನಾಳ ಕಡೆ ಸರಿಸಿದರು. ಅವಳು ಖಾಲಿ ಉಳಿದಿದ್ದ ಕೊನೆಯ ಸಾಲನ್ನು ತುಂಬಿದಳು. ಹೊತ್ತು ಸಾಗಿದ ದೂರ 5.4 ಕಿಲೋಮೀಟರ್, ಹಿಡಿದ ಸಮಯ, ಕನಿಷ್ಠ, 126 ನಿಮಿಷ.