ಚಾಮಯ್ಯ ತಾತ ಹಿಡಿ ಹಾಕದ ಡಬ್ಬ

ಟಣ್ ಟಣ್ ಟಣ್! ಚಾಮಯ್ಯ ತಾತನ ಸುತ್ತಿಗೆ ಬೀಳುತ್ತಿತ್ತು. ಪ್ರೇಮಲೀಲಾ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದಳು.

ತಾತನ ಮುಂದಿದ್ದ ತಗಡು ಈಗಷ್ಟೇ ಹಳೇ ಸೀಮೆಎಣ್ಣೆ ಡಬ್ಬವಾಗಿತ್ತು. ತಾತ ಕತ್ತರಿಯಲ್ಲಿ ಸುತ್ತ ಕತ್ತರಿಸಿದರು, ಬಗ್ಗಿಸಿದರು, ಬಡಿದರು. ಇದ್ದಿಲ ಒಲೆ ತಯಾರು!

ಚಾಮರಾಜಪುರಂ ರೈಲ್ವೆ ಗೇಟಿನ ಪಕ್ಕದ ಆ ಪುಟ್ಟ ಅಂಗಡಿಯಲ್ಲಿ ಹೀಗೇ. ಜನ ಬಿಸಾಕಿದ ತಗಡೆಲ್ಲ ಮತ್ತೆ ಹುಟ್ಟಿ ಬರುತ್ತಿತ್ತು.

“ನಿಂದೇನವ್ವ?” ತಾತ ತಲೆ ಎತ್ತಿದರು.

ಪ್ರೇಮಲೀಲಾ ಹೆಮ್ಮೆಯಿಂದ ತನ್ನ ಡಬ್ಬ ಮುಂದೆ ಹಿಡಿದಳು. ಅದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

“ಇದಕ್ಕೊಂದು ಹಿಡಿ ಹಾಕ್ಕೊಡಿ ತಾತ. ಸ್ಕೂಲಿಗೆ ಟಿಫನ್ ತಗೊಂಡು ಹೋಗ್ತೀನಿ. ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದ್ದೀನಿ!”

ತಾತ ಡಬ್ಬದ ಬಿಗಿಯಾದ ತಿರುಪು ಮುಚ್ಚಳ ನೋಡಿದರು. ಅವರ ನಗು ನಿಂತುಹೋಯಿತು.

“ತಿನ್ನೋ ಪದಾರ್ಥಕ್ಕೆ ಇಂಥ ಮುಚ್ಚಳ ಹಾಕಕಿಲ್ಲ. ಎಲ್ಲಿ ಸಿಕ್ತವ್ವ ಇದು?”

“ಆ ದೊಡ್ಡ ಬಂಗಲೆ ಇದೆಯಲ್ಲ, ಅದರ ಗುಲಾಬಿ ತೋಟದ ಹಿಂದೆ. ತಿಪ್ಪೆಯಲ್ಲಿ ಬಿದ್ದಿತ್ತು.”

ತಾತ ಡಬ್ಬ ಮಗುಚಿ, ತಳಕ್ಕೆ ಮೆತ್ತಿದ್ದ ಬಣ್ಣವನ್ನು ಉಳಿಯಿಂದ ಕೆರೆದರು. ತಗಡಿನಲ್ಲಿ ಒತ್ತಿದ್ದ ಚಿತ್ರವೊಂದು ಮೆಲ್ಲಗೆ ಕಾಣಿಸಿತು. ತಲೆಬುರುಡೆ! ಅದರ ಕೆಳಗೆ ಅಡ್ಡಡ್ಡ ಎರಡು ಮೂಳೆ.

“ಗಿಡದ ಹುಳಕ್ಕೆ ಹೊಡೆಯೋ ವಿಸ ಇದ್ದ ಡಬ್ಬ ಕಣವ್ವ.”

“ನಾನು ತೊಳೆದಿದ್ದೀನಲ್ಲ ತಾತ?”

“ತಗಡು ಮಡಿಚಿರೋ ಅಂಚು ನೋಡಿಲ್ಲಿ. ನಿನ್ನ ಹುಣಸೆಹಣ್ಣು ಇದರೊಳಕ್ಕೆ ಎಂಗೆ ಹೋದಾತು? ವಿಸ ಮಾತ್ರ ಹೋಗಿ ಕೂತ್ಕತದೆ. ಇದನ್ನ ಯಾತಕ್ಕೂ ಬಳಸಬಾರ್ದು.”

ಕೂದಲೆಳೆಯಷ್ಟೇ ಸಂದು. ಪ್ರೇಮಲೀಲಾ ಅದನ್ನೇ ನೋಡಿದಳು. ಕಣ್ಣಿಗೆ ಏನೂ ಕಾಣಲಿಲ್ಲ.

ಆಗ ನೆನಪಾಯಿತು. “ತಾತ! ಅಲ್ಲಿ ಇನ್ನೊಂದಿತ್ತು. ತಮ್ಮನಿಗೆ ಕೊಟ್ಟೆ. ಕಡಲೆಪುರಿ ತುಂಬ್ಕೋತೀನಿ ಅಂದಿದ್ದ!”

“ಓಡು!”

ಅವಳು ಓಡಿದಳು. ಎರಡು ಬೀದಿ ದಾಟಿದ್ದು ಗೊತ್ತೇ ಆಗಲಿಲ್ಲ. ತಮ್ಮ ಷಡಕ್ಷರಿ ಜಗಲಿಯ ಮೇಲೆ ಡಬ್ಬ ಇಟ್ಟುಕೊಂಡು ಕೂತಿದ್ದ. ಪುರಿ ತುಂಬಿದ ಮುಷ್ಟಿ ಬಾಯಿಯ ಹತ್ತಿರವೇ ಇತ್ತು.

“ತಿನ್ಬೇಡ ಕಣೋ!”

ಅವಳು ಕೈ ತಟ್ಟಿದ ರಭಸಕ್ಕೆ ಪುರಿ ಜಗಲಿ ತುಂಬ ಚೆಲ್ಲಿತು. ಷಡಕ್ಷರಿ ಜೋರಾಗಿ ಅಳತೊಡಗಿದ.

“ತಿಂದ್ಯಾ? ಒಂದಾದ್ರೂ ತಿಂದ್ಯಾ?”

“ಎಲ್ಲಿ ತಿಂದೆ? ನೀನು ಬಿಟ್ರೆ ತಾನೆ!”

ಪ್ರೇಮಲೀಲಾ ಡಬ್ಬವನ್ನು ಅವನ ಕೈಗೆ ಸಿಗದಷ್ಟು ದೂರ ಸರಿಸಿದಳು.

ಹಿಂದೆಯೇ ಚಾಮಯ್ಯ ತಾತ ಏದುಸಿರು ಬಿಡುತ್ತಾ ಬಂದರು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಪ್ರೇಮಲೀಲಾಳ ಡಬ್ಬ ಹಿಡಿದೇ. ಗಲಾಟೆ ಕೇಳಿ ಹೊರಬಂದ ಮಕ್ಕಳ ಅಜ್ಜಿ ಪಾರ್ವತಮ್ಮ ಸೋಪು ತಂದು ಇಬ್ಬರ ಕೈಯನ್ನೂ ಉಜ್ಜಿ ಉಜ್ಜಿ ತೊಳೆದರು. ಪುರಿಯನ್ನು ಒಂದೂ ಬಿಡದೆ ಗುಡಿಸಿದರು.

ತಾತ ಎರಡೂ ಡಬ್ಬಗಳಿಗೆ ಮೊಳೆಯಿಂದ ತೂತು ಹೊಡೆದರು. ಆಮೇಲೆ ಬಡಿದು ಚಪ್ಪಟೆ ಮಾಡಿದರು. ಬಾವಿಯಿಂದ ದೂರ, ಯಾರೂ ಓಡಾಡದ ಕಡೆ ಆಳವಾಗಿ ಹೂತರು. ತಗಡಿಗೆಲ್ಲ ಜೀವ ಕೊಡುವ ಕೈ ಬೇಕೆಂದೇ ಹಾಳು ಮಾಡುವುದನ್ನು ಪ್ರೇಮಲೀಲಾ ರೆಪ್ಪೆ ಮಿಟುಕಿಸದೆ ನೋಡಿದಳು.

ಸಂಜೆ ಅವಳು ಅಡುಗೆಮನೆಗೆ ಬಂದಳು. ಗೋಡೆಯ ಹಲಗೆಯ ಮೇಲೆ ಡಬ್ಬಗಳ ಸಾಲಿತ್ತು.

“ಅಜ್ಜಿ, ಬೆಲ್ಲದ ಡಬ್ಬದಲ್ಲಿ ಮೊದಲು ಏನಿತ್ತು?”

“ಕೊಬ್ಬರಿ ಎಣ್ಣೆ ಕಣಮ್ಮ.”

“ಮೆಣಸಿನಕಾಯಿದು?”

“ಬಿಸ್ಕತ್ತು. ನಿಮ್ಮಪ್ಪ ಚಿಕ್ಕವನಿದ್ದಾಗಿಂದು.”

“ಮೂಲೆಯಲ್ಲಿರೋ ಆ ಖಾಲಿ ಡಬ್ಬ?”

ಅಜ್ಜಿ ತಿರುಗಿ ನೋಡಿದರು. “ಅದು ಗೊತ್ತಿಲ್ಲ ಕಣೇ.”

ಪ್ರೇಮಲೀಲಾ ಸ್ಟೂಲ್ ಎಳೆದುಕೊಂಡು ಹತ್ತಿದಳು. ಆ ಡಬ್ಬವನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಇಳಿಸಿ, ಹೊರಬಾಗಿಲ ಆಚೆ ಇಟ್ಟು ಬಂದಳು.