ವಾಪಸ್ ಬರಲಾ ಎಂದು ಕೇಳಿದವನು

ಸೋಮವಾರ ಬೆಳಿಗ್ಗೆ ದರ್ಜಿಯೊಬ್ಬ ದೂರು ಹಿಡಿದು ಠಾಣೆಗೆ ಬಂದ. ಬೆಟ್ಟದೂರಿನ ಆಸ್ಪತ್ರೆಗೆ ಕೆಲಸಕ್ಕೆ ಹೊರಟಿದ್ದ ಅವನ ಹೆಂಡತಿ, ಹತ್ತಿದ್ದ ಸಣ್ಣ ವಿಮಾನ ಅಲ್ಲಿಯ ರನ್‌ವೇ ತಪ್ಪಿ ಪ್ರಪಾತಕ್ಕೆ ಉರುಳಿ, ಸತ್ತಿದ್ದಳು. ಪೈಲಟ್ ಕಾಲು ಮುರಿದುಕೊಂಡು ಬದುಕಿದ್ದ.

"ಆ ಹುಡುಗ ಬೆಟ್ಟಕ್ಕೆ ಒಬ್ಬನೇ ಹೋಗಿದ್ದು ಅದೇ ಮೊದಲಂತೆ. ಯಾರು ಕಳಿಸಿದ್ರು ಅಂತ ಗೊತ್ತಾಗ್ಬೇಕು ಸಾರ್."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಜೊತೆ ಸ್ಥಳಕ್ಕೆ ಹೋದರು. ಬೆಟ್ಟದ ನೆತ್ತಿಯಲ್ಲಿ ಅಂಗೈಯಷ್ಟು ರನ್‌ವೇ. ಒಂದು ತುದಿಗೆ ಬಂಡೆ, ಇನ್ನೊಂದು ತುದಿಗೆ ಪ್ರಪಾತ. ಪಂಚನಾಮೆ ಮುಗಿಯುವಷ್ಟರಲ್ಲಿ ಮೋಡ ಇಳಿದು ಪಂಚರ ಮುಖವೇ ಕಾಣದಾಯಿತು.

ಅಲ್ಲಿಂದ ಮುಂದೆ ತನಿಖೆ ಕೆಸರಲ್ಲಿ ಹೂತ ಗಾಡಿಯಾಯಿತು. ವಿಮಾನ ಕಂಪನಿಯ ಮ್ಯಾನೇಜರ್ ಹವಾಮಾನದ ಕಡೆ ಬೆರಳು ತೋರಿಸಿದ. ವಿಮಾನಯಾನ ಇಲಾಖೆಯವರು ತಮ್ಮ ವರದಿ ಬರಲಿ ಎಂದರು. ಬರಲು ವರ್ಷವಾದರೂ ಆಗಬಹುದಂತೆ. ವಿಮಾನ ನಿಲ್ದಾಣದ ಟವರ್‌ನಲ್ಲಿ ರೆಕಾರ್ಡ್ ಆದ ರೇಡಿಯೊ ಮಾತು ಕೊಡಿ ಎಂದರೆ ಪತ್ರ ಬರೆಯಿರಿ ಎಂದರು. ಬರೆದರೆ ಮೇಲಧಿಕಾರಿಯ ಸಹಿ ಬೇಕೆಂದರು. ಸಹಿ ಹಾಕಿಸಿಕೊಂಡು ಹೋದರೆ ಅಲ್ಲಿಯ ಸಾಹೇಬರು ರಜೆ.

"ದೇವರು ವರ ಕೊಟ್ರೂ ಪೂಜಾರಿ ಕೊಡ ಸಾರ್," ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದರು.

ಆಸ್ಪತ್ರೆಯಲ್ಲಿದ್ದ ಪೈಲಟ್ ಇನ್ನೂ ಕಷ್ಟ.

"ಅವತ್ತಿನ ಪಾಳಿ ನಿಮ್ಮ ಕ್ಯಾಪ್ಟನ್‌ದು. ನೀನ್ಯಾಕೆ ಹೋದೆ?"

"ಅವ್ರಿಗೆ ಜ್ವರ ಇತ್ತು."

"ಹೋಗು ಅಂದೋರು ಅವ್ರೇನಾ?"

"ನನಗೆ ಹಾರೋದು ಕಲಿಸಿದ ಗುರುಗಳು ಅವ್ರು. ತಪ್ಪು ನಂದೇ, ಬರ್ಕೊಳಿ," ಎಂದು ಹುಡುಗ ಗೋಡೆಯ ಕಡೆ ಮುಖ ತಿರುಗಿಸಿದ.

ಇನ್‌ಸ್ಪೆಕ್ಟರ್ ಹಲ್ಲು ಕಚ್ಚಿಕೊಂಡು ಹೊರಬಂದರು. ಸಾವಿನ ಬಾಯಿಂದ ಬಂದವನೇ ತನ್ನ ಬಾಯಿಗೆ ಬೀಗ ಹಾಕಿಕೊಂಡರೆ ಇನ್ಯಾರನ್ನು ಕೇಳುವುದು?

ಕೊನೆಗೆ ನ್ಯಾಯಾಲಯದ ಆದೇಶ ತಂದ ಮೇಲೆ ರೆಕಾರ್ಡಿಂಗ್ ಸಿಕ್ಕಿತು. ಮೊದಲು ಹುಡುಗನ ದನಿ: "ಸಾರ್, ರನ್‌ವೇ ಕಾಣ್ತಿಲ್ಲ. ವಾಪಸ್ ಬರ್ಲಾ?"

ಕಂಪನಿಯ ಕಚೇರಿಯಿಂದ ಕ್ಯಾಪ್ಟನ್ ದನಿ: "ಬರ್ಬೇಡ. ನಾನೆಷ್ಟು ಸಲ ಇಳಿಸಿಲ್ಲ? ಇಳಿಸು."

ಠಾಣೆಗೆ ಕರೆಸಿದಾಗ ಕ್ಯಾಪ್ಟನ್ ಗರಿಗರಿ ಯೂನಿಫಾರ್ಮ್‌ನಲ್ಲೇ ಬಂದ. ಇನ್‌ಸ್ಪೆಕ್ಟರ್ ರೆಕಾರ್ಡಿಂಗ್ ಕೇಳಿಸಿದರು.

"ಜ್ವರ ಬಂದೋರು ಕಚೇರೀಲಿ ರೇಡಿಯೊ ಮುಂದೆ ಕೂತಿದ್ರಾ?"

ಕ್ಯಾಪ್ಟನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಅವನು ವಾಪಸ್ ಬಂದಿದ್ರೆ ಏನಾಗ್ತಿತ್ತು?"

"ನಾನು ಹೋಗ್ಬೇಕಾಗ್ತಿತ್ತು."

"ಹೋಗೋಕೇನಾಗಿತ್ತು?"

ಹೋದ ಮಳೆಗಾಲದಲ್ಲಿ ತನ್ನ ವಿಮಾನ ಜಾರಿ, ಅದೇ ಪ್ರಪಾತದ ಅಂಚಿಗೆ ಹೋಗಿ ನಿಂತಿತ್ತು ಎಂದ ಕ್ಯಾಪ್ಟನ್. ಯಾರಿಗೂ ಏನೂ ಆಗಲಿಲ್ಲ. ಎಲ್ಲರೂ ಬೆನ್ನು ತಟ್ಟಿದರು. ಅಂದಿನಿಂದ ಆ ಬೆಟ್ಟ ಕಂಡರೆ ಪ್ರಪಾತವೇ ಕಣ್ಣಿಗೆ ಕಟ್ಟುತ್ತಿತ್ತು.

"ಇಷ್ಟು ವರ್ಷ ಹಾರಿಸಿದೋನು, ಹೆದರಿಕೆ ಆಗ್ತಿದೆ ಅಂತ ಯಾರ ಮುಂದೆ ಹೇಳ್ಲಿ?"

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಅವನನ್ನು ಅಂದೇ ದಸ್ತಗಿರಿ ಮಾಡಿದರು. ಬೆಟ್ಟಕ್ಕೆ ಹೋಗುವ ವಿಮಾನ ಮಾತ್ರ ನಿಲ್ಲಲಿಲ್ಲ. ಇನ್‌ಸ್ಪೆಕ್ಟರ್ ಫೋನ್ ಮಾಡಿದರೆ, "ಈಗ ಹಾರಿಸ್ತಿರೋದು ಹೊಸ ಹುಡುಗ ಸಾರ್, ಲೈಸೆನ್ಸ್ ಇದೆ," ಎಂದ ಮ್ಯಾನೇಜರ್. ರಿಸೀವರ್ ಕುಕ್ಕಿದ ಸದ್ದಿಗೆ ಹೊರಗಿದ್ದ ಪೇದೆ ಬೆಚ್ಚಿ ನೋಡಿದ.

ಸಂಜೆ ದರ್ಜಿಗೆ ಎಲ್ಲ ಬಿಡಿಸಿ ಹೇಳಿದರು. ಅವನು ಕೇಳಿದ್ದು ಒಂದೇ.

"ಹೆದರಿಕೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ವಾ ಸಾರ್?"

"ಸಾಕಿತ್ತು," ಎಂದರು ಇನ್‌ಸ್ಪೆಕ್ಟರ್.